ಯುದ್ಧಧರ್ಮವೂ ನಮ್ಮೂರ ಕಟ್ಟೆಯೂ

ಈ ವರ್ಷದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪೇಕ್ಷಿಸಿದಾಗ, ವಾಡಿಕೆಯಂತೆ ಛಂದಸ್ಸಿನ ಮೇಲೋ ಶಬ್ದಮಣಿದರ್ಪಣದ ಯಾವುದಾದರೊಂದು ಸೂತ್ರದ ಮೇಲೋ ನಾಲ್ಕು ಪುಟ ಬರೆದು ಒಪ್ಪಿಸುವೆನೆಂದು ಅವರೂ ಭಾವಿಸಿದ್ದರು, ನಾನೂ ಭಾವಿಸಿದ್ದೆ. ಹಿಂದಿನ ಸಂಚಿಕೆಗಳಲ್ಲಿ ನಾನು ಬರೆದದ್ದೆಲ್ಲ ಆ ಬಗೆಯದೇ. ಅವನ್ನು ಆದ್ಯಂತವಾಗಿ ಓದಿದವರು ಕರಡಚ್ಚು ತಿದ್ದಿದವರೊಬ್ಬರೇ ಎಂಬ ಸಂದೇಹವೂ ನನಗುಂಟು. ಈ ಸಲ ಮಾತ್ರ ಲೇಖನಿ ಆ ದಾರಿಗೆ ಬರಲೊಲ್ಲದು. ಎರಡು ಮೂರು ವರ್ಷಗಳಿಂದ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿರುವ ವಿಷಯ ಯುದ್ಧದ್ದು; ಯುದ್ಧಕ್ಕೆ ಮನುಷ್ಯನು ತಾನೇ ಹಾಕಿಕೊಂಡಿರುವ ಕಟ್ಟುಪಾಡುಗಳದ್ದು. ಗುರುಗಳ ಎದುರು ಕುಳಿತು ಪಂಪ ರನ್ನರನ್ನು ಪಾಠ ಹೇಳಿಸಿಕೊಂಡು ವಿದ್ವತ್ ಪರೀಕ್ಷೆಯನ್ನು ಮುಗಿಸಿದವನಿಗೂ ಜಿನೀವಾ ನಗರದ ಒಡಂಬಡಿಕೆಗಳಿಗೂ ಎಲ್ಲಿಯ ನಂಟು ಎಂದು ವಾಚಕ ಮಹಾಶಯರು ಕೇಳಬಹುದು. ಕೇಳುವುದು ನ್ಯಾಯ.

ನಂಟು ಬೆಳೆದದ್ದು ತೀರ ಲೌಕಿಕವಾದ ದಾರಿಯಿಂದ. ನಮ್ಮ ಪ್ರೌಢಶಾಲೆಯಲ್ಲಿ ಜೂನಿಯರ್ ರೆಡ್ ಕ್ರಾಸ್ ಘಟಕವೊಂದಿದೆ. ಅದನ್ನು ನೋಡಿಕೊಳ್ಳುತ್ತಿದ್ದ ವಿಜ್ಞಾನದ ಉಪಾಧ್ಯಾಯರು ನಿವೃತ್ತರಾದ ಮೇಲೆ ಆ ಹೊಣೆಯನ್ನು ಯಾರಿಗೆ ವಹಿಸುವುದೆಂಬ ಪ್ರಶ್ನೆ ಎದ್ದಿತು. ಗಣಿತದವರಿಗೆ ವಿಶೇಷ ತರಗತಿ. ಇಂಗ್ಲಿಷಿನವರಿಗೆ ಅದಕ್ಕಿಂತ ವಿಶೇಷ ತರಗತಿ. ಎಲ್ಲರ ಕಣ್ಣಿಗೂ ಬಿಡುವಾಗಿ ಕಾಣುವವನು ಕನ್ನಡ ಪಂಡಿತನೊಬ್ಬನೇ. ಹೀಗೆ ಸಂಧಿ ಸಮಾಸಗಳನ್ನು ಬಿಡಿಸುವ ಕೈಗೆ ಗಾಯಕ್ಕೆ ಬಟ್ಟೆ ಕಟ್ಟುವ ಕೆಲಸವೂ ಬಂದು ಸೇರಿತು. ಮಕ್ಕಳಿಗೆ ಹೇಳುವ ಮೊದಲು ನಾನು ತಿಳಿಯಬೇಕಷ್ಟೆ. ಆದುದರಿಂದ ಆ ಸಂಸ್ಥೆಯ ಇತಿಹಾಸವನ್ನು ಓದತೊಡಗಿದೆ.

೧೮೫೯ನೆಯ ಇಸವಿ ಜೂನ್ ೨೪ರಂದು ಇಟಲಿಯ ಉತ್ತರ ಭಾಗದ ಸೊಲ್ಫೆರಿನೋ ಎಂಬಲ್ಲಿ ಘೋರವಾದ ಕಾಳಗ ನಡೆಯಿತು. ವ್ಯಾಪಾರದ ಕೆಲಸದ ಮೇಲೆ ಆ ಕಡೆಗೆ ಬಂದಿದ್ದ ಜಿನೀವಾದ ಆನ್ರಿ ಡುನಾಂ ಎಂಬ ಗೃಹಸ್ಥನು, ಸಾವಿರಾರು ಗಾಯಾಳುಗಳು ನೀರು ಕೊಡುವವರೂ ಇಲ್ಲದೆ ಬಿದ್ದಿರುವುದನ್ನು ಕಂಡನು. ಸಮೀಪದ ಕಾಸ್ತಿಲ್ಯೋನೆ ಊರಿನ ಹೆಂಗಸರು ತಮ್ಮವರು ಪರರೆನ್ನದೆ ಎಲ್ಲರಿಗೂ ಉಪಚಾರ ಮಾಡಿದರು. ಆತ ಅದನ್ನು ಕುರಿತು ೧೮೬೨ರಲ್ಲಿ ಪುಸ್ತಕ ಬರೆದ. ೧೮೬೪ರಲ್ಲಿ ಮೊದಲನೆಯ ಜಿನೀವಾ ಒಡಂಬಡಿಕೆ ಹುಟ್ಟಿತು. ಈಗ ಜಾರಿಯಲ್ಲಿರುವ ನಾಲ್ಕು ಒಡಂಬಡಿಕೆಗಳು ೧೯೪೯ರ ಆಗಸ್ಟ್ ೧೨ರಂದು ಸಿದ್ಧವಾದವು. ನೆಲದ ಮೇಲಿನ ಗಾಯಾಳುಗಳಿಗೆ ಒಂದು, ಕಡಲಿನಲ್ಲಿ ಗಾಯಗೊಂಡವರಿಗೂ ಹಡಗೊಡೆದವರಿಗೂ ಒಂದು, ಸೆರೆಸಿಕ್ಕ ಸೈನಿಕರಿಗೆ ಒಂದು, ಆಯುಧ ಹಿಡಿಯದ ಪ್ರಜೆಗಳಿಗೆ ಒಂದು. ಭಾರತವು ಇವನ್ನು ೧೯೫೦ರಲ್ಲಿಯೇ ಅಂಗೀಕರಿಸಿತು. ೧೯೬೦ರಲ್ಲಿ ಜಿನೀವಾ ಒಡಂಬಡಿಕೆಗಳ ಅಧಿನಿಯಮವನ್ನೂ ಮಾಡಿಕೊಂಡಿತು.

ಪ್ರಾಸಂಗಿಕವಾಗಿ ಒಂದು ಮಾತು. ಬಿಳಿಯ ನೆಲದ ಮೇಲಿನ ಕೆಂಪು ಶಿಲುಬೆಯ ಗುರುತನ್ನು ಅನುಮತಿಯಿಲ್ಲದೆ ಬಳಸುವುದು ಆ ಅಧಿನಿಯಮದ ಪ್ರಕಾರ ದಂಡನಾರ್ಹವಾದ ಅಪರಾಧ. ಅದು ವೈದ್ಯರ ಗುರುತೂ ಅಲ್ಲ, ಔಷಧದ ಅಂಗಡಿಯ ಗುರುತೂ ಅಲ್ಲ. ಯುದ್ಧಭೂಮಿಯಲ್ಲಿ ‘ಇಲ್ಲಿಗೆ ಗುಂಡು ಹಾರಿಸಬೇಡ’ ಎಂದು ಸಾರುವ ಗುರುತು. ಇದನ್ನು ಓದಿದ ದಿನ ನಮ್ಮ ಶಾಲೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ನೋಡುತ್ತೇನೆ, ಅದರ ಮೇಲೆಯೇ ಅಂಗೈಯಗಲದ ಕೆಂಪು ಶಿಲುಬೆ! ಜವಾನನಿಂದ ಒಂದು ಡಬ್ಬಿ ಹಸಿರು ಬಣ್ಣ ತರಿಸಿ ಬಳಿಸಿದೆ. ಮುಖ್ಯೋಪಾಧ್ಯಾಯರು ಬಣ್ಣದ ರಸೀತಿಗೆ ಸಹಿ ಮಾಡುವಾಗ ನನ್ನನ್ನು ಕನಿಕರದಿಂದ ನೋಡಿದರು.

ಇಷ್ಟೇ ಆಗಿದ್ದರೆ ಇದನ್ನು ಬರೆಯಬೇಕಾಗಿರಲಿಲ್ಲ. ನನ್ನನ್ನು ಕದಡಿದ ಸಂಗತಿ ಬೇರೆ ಇದೆ.

ಸುಮಾರು ಮೂವತ್ತು ವರ್ಷಗಳಿಂದ ನಾನು ಮಕ್ಕಳಿಗೆ ಗದಾಯುದ್ಧದ ಕಥೆಯನ್ನು ಹೇಳುತ್ತ ಬಂದಿದ್ದೇನೆ. ಪಠ್ಯದಲ್ಲಿ ಇರಲಿ ಬಿಡಲಿ, ಮಳೆ ಹಿಡಿದು ಆಟದ ಬಯಲು ಕೆಸರಾದ ದಿನ ಹುಡುಗರು ಕೇಳುವುದು ಅದನ್ನೇ. ಗದಾಯುದ್ಧದಲ್ಲಿ ನಾಭಿಯ ಕೆಳಗೆ ಹೊಡೆಯಬಾರದೆಂಬುದು ನಿಯಮ. ಕೃಷ್ಣನ ಸನ್ನೆಯನ್ನು ಕಂಡು ಭೀಮನು ದುರ್ಯೋಧನನ ತೊಡೆಯನ್ನು ಮುರಿಯುತ್ತಾನೆ. ಇಬ್ಬರಿಗೂ ಗದಾಗುರುವಾದ ಬಲರಾಮನು ಕೆರಳಿ ನೇಗಿಲನ್ನೆತ್ತಿಕೊಂಡು ಭೀಮನ ಮೇಲೆ ಬರುತ್ತಾನೆ. ಕೃಷ್ಣನು ಅಣ್ಣನನ್ನು ತಡೆದು ದುರ್ಯೋಧನನ ಪಾಪಗಳನ್ನೂ ಭೀಮನ ಪ್ರತಿಜ್ಞೆಯನ್ನೂ ಎಣಿಸಿ ಹೇಳುತ್ತಾನೆ. ನಾನೂ ಎಣಿಸಿ ಹೇಳುತ್ತಿದ್ದೆ: ಅರಗಿನ ಮನೆ, ಕಪಟದ್ಯೂತ, ದ್ರೌಪದಿಯ ಸೀರೆ, ಒಬ್ಬ ಬಾಲಕನನ್ನು ಹಲವರು ಮುತ್ತಿ ಕೊಂದ ಅಭಿಮನ್ಯುವಿನ ವಧೆ. ಇಂಥವನ ತೊಡೆಯನ್ನು ಮುರಿದರೆ ಅಧರ್ಮವೇನು ಬಂತು? ಬಲರಾಮನು ಮುಂಗೋಪಿ, ಕಥೆಯ ಮರ್ಮವನ್ನರಿಯದವನು ಎಂದು ಹೇಳಿ ಪಾಠ ಮುಗಿಸುತ್ತಿದ್ದೆ. ಹುಡುಗರು ಮೇಜು ಕುಟ್ಟಿ ಸಂತೋಷಪಡುತ್ತಿದ್ದರು.

೨೦೨೨ರ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. “ಸಾರ್, ಕೆಟ್ಟವರ ಮೇಲೆ ನಿಯಮ ಮುರೀಬೋದು ಅಂದ್ರೆ, ಕೆಟ್ಟವರು ಯಾರು ಅಂತ ಹೇಳೋರು ಯಾರು ಸಾರ್? ದುರ್ಯೋಧನನ ಕಡೆಯೋರ್ಗೆ ಭೀಮ ಕೆಟ್ಟೋನು ತಾನೆ?” ಎಂದಳು. ತರಗತಿ ನಕ್ಕಿತು. ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದ ಉಪಾಧ್ಯಾಯರು ಮಾಡುವುದನ್ನೇ ನಾನೂ ಮಾಡಿದೆ: “ಅಧಿಕಪ್ರಸಂಗ ಬೇಡ, ಕೂತುಕೋ” ಎಂದು ಗದರಿಸಿದೆ. ಅವಳು ಕುಳಿತಳು. ಆ ಪ್ರಶ್ನೆ ಮಾತ್ರ ಕುಳಿತುಕೊಳ್ಳಲಿಲ್ಲ.

ಮರುವರ್ಷ ಶಾಲೆ ತೆರೆದು ವಾರವಾಗಿತ್ತು. ೨೦೨೩ರ ಜೂನ್ ೬ರಂದು ಯುಕ್ರೇನ್ ದೇಶದ ನೀಪರ್ ನದಿಗೆ ಅಡ್ಡಲಾಗಿದ್ದ ಕಖೋವ್ಕಾ ಅಣೆಕಟ್ಟೆ ಒಡೆಯಿತು. ಯುದ್ಧ ನಡೆಯುತ್ತಿತ್ತು, ಕಟ್ಟೆ ಆಗ ರಷ್ಯದ ಸೇನೆಯ ವಶದಲ್ಲಿತ್ತು, ಒಡೆದವರು ನೀವೆಂದು ಎರಡು ಪಕ್ಷಗಳೂ ಒಂದನ್ನೊಂದು ದೂರಿದವು. ಹದಿನೆಂಟು ಘನ ಕಿಲೋಮೀಟರಿನಷ್ಟು ನೀರಿನ ಜಲಾಶಯವದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಆರುನೂರು ಟಿ.ಎಂ.ಸಿ.ಯನ್ನು ಮೀರಿದ್ದು. ಕೆಳಗಿನ ಊರುಗಳ ಮನೆಗಳ ಮಾಡಿನ ಮೇಲೆ ಜನ ನಾಯಿ ಬೆಕ್ಕುಗಳೊಡನೆ ಕುಳಿತಿದ್ದ ಚಿತ್ರವನ್ನು ಪತ್ರಿಕೆಯಲ್ಲಿ ಕಂಡು ಬಂದ ಅದೇ ಹುಡುಗಿ, ಈಗ ಹತ್ತನೆಯ ತರಗತಿಯವಳು, ಗಂಟೆ ಹೊಡೆದ ಮೇಲೆ ಉಪಾಧ್ಯಾಯರ ಕೊಠಡಿಯ ಬಾಗಿಲಿಗೆ ಬಂದು ನಿಂತು ಕೇಳಿದಳು: “ಸಾರ್, ನಮ್ಮ ಕಟ್ಟೇನ ಯಾರಾದ್ರೂ ಒಡೀಬಾರ್ದು ಅಂತ ಕಾನೂನಿದ್ಯಾ?”

ಈ ಪ್ರಶ್ನೆಯ ತೂಕ ಬೇರೆ ಊರಿನವರಿಗೆ ತಿಳಿಯಲಾರದು. ನಮ್ಮ ಬೀಚನಹಳ್ಳಿಯವರಿಗೆ ಕಟ್ಟೆಯೆಂದರೆ ಕಬಿನಿಯ ಕಟ್ಟೆ. ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ ಬರುವ ಕಪಿಲೆಯನ್ನು ಇಲ್ಲಿ ತಡೆದು ನಿಲ್ಲಿಸುವ ಕೆಲಸ ೧೯೫೯ರಲ್ಲಿ ಮೊದಲಾಗಿ ೧೯೭೪ರಲ್ಲಿ ಮುಗಿಯಿತು. ಸಮುದ್ರಮಟ್ಟದಿಂದ ೨೨೮೪ ಅಡಿಗೆ ನೀರು ಬಂದರೆ ಕಟ್ಟೆ ತುಂಬಿತೆಂದು ಅರ್ಥ. ಆಗ ಒಳಗಿರುವುದು ೧೯.೫೨ ಟಿ.ಎಂ.ಸಿ. ಕಖೋವ್ಕಾದಲ್ಲಿದ್ದದ್ದು ಮೂವತ್ತು ಕಬಿನಿಗಳಿಗೂ ಮಿಗಿಲಾದ ನೀರು, ನಿಜ. ಆದರೆ ಕೆಳಗೆ ವಾಸಿಸುವವನಿಗೆ ಒಂದು ಕಬಿನಿಯೇ ಸಾಕು. ಗೇಟು ಎತ್ತಿದ ರಾತ್ರಿ ನೀರಿನ ಮೊರೆತ ನಮ್ಮ ಮನೆಯ ಜಗಲಿಗೆ ಕೇಳುತ್ತದೆ. ಕೆಳಗೆ ಸರಗೂರು, ನಂಜನಗೂಡು, ಸುತ್ತೂರು, ತಿರುಮಕೂಡಲಿನವರೆಗೆ ಹೊಳೆಯ ದಡದಲ್ಲಿಯೇ ಊರುಗಳು. ೨೦೧೯ರ ಆಗಸ್ಟ್ ತಿಂಗಳಲ್ಲಿ ಹೊಳೆ ಉಕ್ಕಿ ನಂಜನಗೂಡಿನ ತಗ್ಗಿನ ಬೀದಿಗಳಲ್ಲಿ ನೀರು ನಿಂತದ್ದನ್ನೂ ಮೈಸೂರಿನ ಹೆದ್ದಾರಿಯ ಸಂಚಾರ ಕಡಿದುಹೋದದ್ದನ್ನೂ ಕಂಡವರಿದ್ದೇವೆ. ಅದು ಕಟ್ಟೆ ಭದ್ರವಾಗಿ ನಿಂತಿರುವಾಗ, ಎಚ್ಚರಿಕೆ ಕೊಟ್ಟು ಬಿಟ್ಟ ನೀರು.

“ನೋಡಿ ಹೇಳುತ್ತೇನಮ್ಮ” ಎಂದೆ. ಈ ಸಲ ಕೂತುಕೋ ಎನ್ನಲಿಲ್ಲ.

ಮೈಸೂರಿನಲ್ಲಿ ವಕೀಲನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಇಂಗ್ಲಿಷಿನ ಮೂಲವನ್ನು ಅಚ್ಚು ಹಾಕಿಸಿ ಕಳುಹಿಸಿದನು. ಒಂದು ಇಡೀ ಭಾನುವಾರ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಓದಿದೆ. ೧೯೪೯ರ ಒಡಂಬಡಿಕೆಗಳಿಗೆ ೧೯೭೭ರ ಜೂನ್ ೮ರಂದು ಎರಡು ಪೂರಕ ಒಡಂಬಡಿಕೆಗಳು ಸೇರಿದವು. ಅವುಗಳಲ್ಲಿ ಮೊದಲನೆಯದರ ೫೬ನೆಯ ಅನುಚ್ಛೇದ ನಮ್ಮ ಕಟ್ಟೆಯಂಥವುಗಳಿಗಾಗಿಯೇ ಬರೆದದ್ದು. ಅಣೆಕಟ್ಟೆ, ಒಡ್ಡು, ಅಣುವಿದ್ಯುತ್ ಸ್ಥಾವರ ಈ ಮೂರನ್ನು ಅದು ‘ಭಯಂಕರ ಶಕ್ತಿಗಳನ್ನು ಹಿಡಿದಿಟ್ಟಿರುವ ರಚನೆಗಳು’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತದೆ. ಅವುಗಳ ಮೇಲೆ ದಾಳಿ ಮಾಡಿದರೆ ಆ ಶಕ್ತಿ ಬಿಡುಗಡೆಯಾಗಿ ಪ್ರಜೆಗಳಿಗೆ ಘೋರವಾದ ಹಾನಿಯಾಗುವುದಾದರೆ ದಾಳಿ ಮಾಡಕೂಡದು. ಅವು ಸೈನ್ಯದ ದೃಷ್ಟಿಯಿಂದ ನ್ಯಾಯವಾದ ಗುರಿಗಳೇ ಆಗಿದ್ದರೂ ಮಾಡಕೂಡದು.

ನಾನು ವೈಯಾಕರಣ. ಕಾನೂನಿನ ಮರ್ಮ ನನಗೆ ತಿಳಿಯದು; ಅವ್ಯಯದ ಮರ್ಮ ತಿಳಿದೀತು. ಆ ‘ಆಗಿದ್ದರೂ’ ಎಂಬಲ್ಲಿಯ ಊಕಾರದ ಮೇಲೆ ನನ್ನ ಕಣ್ಣು ನಿಂತಿತು. ಸಂಸ್ಕೃತದ ‘ಅಪಿ’, ನಮ್ಮ ಹಳಗನ್ನಡದ ‘ಉಂ’. ಅದನ್ನು ತೆಗೆದುಬಿಟ್ಟರೆ ವಾಕ್ಯದಲ್ಲಿ ಏನೂ ಉಳಿಯುವುದಿಲ್ಲ. ನಿರುಪದ್ರವಿಯಾದ ಕಟ್ಟೆಯನ್ನು ಒಡೆಯಬೇಡವೆಂದು ಹೇಳಲು ಕಾನೂನೇಕೆ? ಶತ್ರುವಿಗೆ ಅದರಿಂದ ಪ್ರಯೋಜನವಿದ್ದರೂ, ಒಡೆದರೆ ನಿನಗೆ ಲಾಭವಿದ್ದರೂ, ಕೆಳಗೆ ಮಲಗಿರುವವರಿಗಾಗಿ ಕೈ ತಡೆದುಕೋ ಎಂಬುದೇ ಅದರ ಸಾರ. ಅದೇ ಅನುಚ್ಛೇದದ ನಾಲ್ಕನೆಯ ಉಪವಾಕ್ಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತೀಕಾರಕ್ಕಾಗಿ ಕೂಡ ಇವನ್ನು ಮುಟ್ಟಬಾರದೆನ್ನುತ್ತದೆ. ಅವನು ನನ್ನ ಕಟ್ಟೆಯನ್ನು ಒಡೆದ, ಆದ್ದರಿಂದ ನಾನು ಅವನದನ್ನು ಒಡೆದೆ ಎಂಬ ಸಮರ್ಥನೆ ಅಲ್ಲಿ ನಡೆಯದು.

ಕಾನೂನಿನಲ್ಲಿ ರಂಧ್ರವಿಲ್ಲವೆಂದು ಹೇಳಲಾರೆ. ಕಟ್ಟೆಯನ್ನು ಅದರ ಸಹಜವಾದ ಕೆಲಸಕ್ಕೆ ಹೊರತಾಗಿ, ಸೇನಾ ಕಾರ್ಯಕ್ಕೆ ನೇರವಾಗಿ, ಗಣನೀಯವಾಗಿ, ಎಡೆಬಿಡದೆ ಬಳಸುತ್ತಿದ್ದು, ಅದನ್ನು ನಿಲ್ಲಿಸಲು ದಾಳಿಯಲ್ಲದೆ ಬೇರೆ ಉಪಾಯವೇ ಇಲ್ಲವೆಂದಾದರೆ ರಕ್ಷಣೆ ತಪ್ಪುತ್ತದೆ. ಆದಕಾರಣ ಕಟ್ಟೆಯ ಬಳಿ ಸೈನ್ಯದ ನೆಲೆಗಳನ್ನು ಹೂಡದಿರಲು ಪ್ರಯತ್ನಿಸಬೇಕೆಂದೂ ಹೇಳಿದೆ. ಕೊನೆಗೆ ಒಂದು ಗುರುತು. ಇಂಥ ರಚನೆಯ ಮೇಲೆ ಒಂದೇ ಗಾತ್ರದ ಮೂರು ಹೊಳೆವ ಕಿತ್ತಳೆ ವೃತ್ತಗಳನ್ನು ಒಂದೇ ಸಾಲಿನಲ್ಲಿ ಬರೆಯಬಹುದು. ಬರೆಯದಿದ್ದರೂ ರಕ್ಷಣೆಗೆ ಕುಂದಿಲ್ಲ.

ಇಂಥದೊಂದು ನಿಯಮವನ್ನು ಬರೆಯುವಂತೆ ಮಾಡಿದ ಸಂಗತಿಗಳನ್ನು ಓದಿದಾಗ ಮೈ ನಡುಗುತ್ತದೆ. ೧೯೩೮ರ ಜೂನ್ ತಿಂಗಳಲ್ಲಿ ಜಪಾನಿನ ಸೇನೆಯನ್ನು ತಡೆಯಲೆಂದು ಚೀನದ ಸರ್ಕಾರವೇ ಪೀತನದಿಯ ಒಡ್ಡನ್ನು ಕಡಿಸಿತು. ನೀರಿನಲ್ಲಿಯೂ ಅದರ ಹಿಂದೆಯೇ ಬಂದ ಹಸಿವು ರೋಗಗಳಲ್ಲಿಯೂ ಸತ್ತ ಸ್ವದೇಶದ ರೈತರು ಹಲವು ಲಕ್ಷವೆಂದು ಅಂದಾಜು. ೧೯೪೩ರ ಮೇ ೧೬ರ ರಾತ್ರಿ ಬ್ರಿಟಿಷ್ ವಿಮಾನಗಳು ಜರ್ಮನಿಯ ಮೋನೆ ಮತ್ತು ಏಡರ್ ಕಟ್ಟೆಗಳನ್ನು ಒಡೆದವು. ಆ ಸಾಹಸವನ್ನು ಹೊಗಳಿ ಚಲನಚಿತ್ರವೂ ಆಗಿದೆ. ಸತ್ತವರು ಸುಮಾರು ೧೬೦೦. ಅವರಲ್ಲಿ ಸಾವಿರದಷ್ಟು ಮಂದಿ ಜರ್ಮನರು ಬಲವಂತದಿಂದ ಹಿಡಿದು ತಂದು ದುಡಿಸುತ್ತಿದ್ದ ಪರದೇಶದವರು, ಹೆಚ್ಚಾಗಿ ಸೋವಿಯತ್ ನಾಡಿನವರು. ಬಾಂಬು ಹಾಕಿದವರ ಮಿತ್ರರಾಷ್ಟ್ರದ ಬಡಜನರೇ ಬಾಂಬಿನ ನೀರಿಗೆ ಸಿಕ್ಕಿ ಹೋದರು.

ಇದನ್ನು ಓದಿ ಮಡಿಸಿಟ್ಟ ರಾತ್ರಿ ನನಗೆ ನೆನಪಾದವರು ನಮ್ಮ ತಂದೆಯವರು. ಅವರನ್ನು ಇಲ್ಲಿ ತರುವುದು ಆತ್ಮಪ್ರಶಂಸೆಯೆಂದು ಯಾರೂ ತಿಳಿಯಬಾರದು. ಪ್ರಶಂಸೆಗೆ ತಕ್ಕದ್ದು ನನ್ನ ಪಾಲಿಗೆ ಈ ಪ್ರಸಂಗದಲ್ಲಿ ಏನೂ ಇಲ್ಲ.

ನಮ್ಮ ಹಳೆಯ ಊರು ಈಗ ಹಿನ್ನೀರಿನ ಒಳಗಿದೆ. ನಾನು ನಾಲ್ಕು ವರ್ಷದವನಿದ್ದಾಗ ಎತ್ತಿನ ಗಾಡಿಯಲ್ಲಿ ಬಾಗಿಲುವಾಡ, ಒನಕೆ, ಬೀಸುವ ಕಲ್ಲುಗಳನ್ನು ಹೇರಿಕೊಂಡು ಬಂದೆವೆಂದು ತಾಯಿಯವರು ಹೇಳುತ್ತಾರೆ. ಕಡುಬೇಸಿಗೆಯಲ್ಲಿ ನೀರು ಇಳಿದ ವರ್ಷ ನಮ್ಮ ಜಗಲಿಯ ಚಪ್ಪಡಿ ಕಾಣುತ್ತದೆಂದು ತಂದೆಯವರು ಹೋಗಿ ದಡದಲ್ಲಿ ಕುಳಿತು ಬರುತ್ತಿದ್ದರು. ಗದ್ದೆ ಹೋಯಿತು, ಹಿರಿಯರ ಗದ್ದುಗೆ ಹೋಯಿತು, ಕೊಟ್ಟ ಭೂಮಿಯಲ್ಲಿ ಹುರುಳಿಯೂ ಸರಿಯಾಗಿ ಬೆಳೆಯಲಿಲ್ಲ. ಕಟ್ಟೆಯ ಮೇಲೆ ಅವರು ಒಂದು ದಿನವೂ ಕಾಲಿಡಲಿಲ್ಲ. ಅದರ ಹೆಸರೆತ್ತಿದರೆ ಉಗುಳುತ್ತಿದ್ದರು.

೧೯೯೧ರ ಡಿಸೆಂಬರ್. ಕಾವೇರಿಯ ಮಧ್ಯಂತರ ತೀರ್ಪಿನ ಕಾವು ಏರಿ ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ತಮಿಳರ ಮನೆ ಅಂಗಡಿಗಳಿಗೆ ಬೆಂಕಿ ಬಿದ್ದ ದಿನಗಳು. ವಿದ್ವತ್ತಿಗೆ ಓದುತ್ತಿದ್ದ ನಾನು ರಜೆಯಲ್ಲಿ ಊರಿಗೆ ಬಂದಿದ್ದೆ. ಸಂಜೆ ಹೋಟೆಲಿನ ಜಗಲಿಯಲ್ಲಿ ತರುಣನೊಬ್ಬನು, ಮೆಟ್ಟೂರು ಕಟ್ಟೆಗೆ ಮದ್ದಿಟ್ಟು ಹಾರಿಸಿದರೆ ಅವರಿಗೆ ಬುದ್ಧಿ ಬರುತ್ತದೆಂದನು. ಸುತ್ತ ಕುಳಿತವರು ಹೌದು ಹೌದೆಂದರು. ನಾನೂ ನಕ್ಕು ಹೌದೆಂದೆ. ಅಷ್ಟಕ್ಕೆ ನಿಲ್ಲಿಸದೆ, ಓದಿದವನೆಂಬ ಬಿಂಕದಿಂದ, ಅಧರ್ಮಿಗಳಿಗೆ ಅಧರ್ಮವೇ ಮದ್ದೆಂದು ಗದಾಯುದ್ಧದ ದೃಷ್ಟಾಂತವನ್ನೂ ಕೊಟ್ಟೆ. ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ತಂದೆಯವರು ತಿರುಗಿ ನನ್ನ ಮುಖವನ್ನೇ ನೋಡಿದರು. “ನೀರ್ಗೇನ್ಲಾ ಗೊತ್ತು, ಕೂಸು ಮಲ್ಗಿರೋ ಮನೆ ಯಾವ್ದು ಅಂತ? ನಮ್ಮೂರ್ಗೆ ಬಂದಾಗ ಮೆಲ್ಲುಕ್ ಬಂತು, ಮೂಟೆ ಕಟ್ಕಂಡು ಎದ್ ಬಂದೊ. ರಾತ್ರಿ ವತ್ತು ಬಂದ್ರೆ?” ಎಂದು ಹೇಳಿ ಬೀಡಿ ಎಸೆದು ಎದ್ದು ಹೋದರು. ಆ ತರುಣನ ಮೇಲೆ ಅವರಿಗೆ ಕೋಪ ಬಂದಂತಿರಲಿಲ್ಲ. ನನ್ನೊಡನೆ ಎರಡು ದಿನ ಮಾತನಾಡಲಿಲ್ಲ.

ತನ್ನ ಊರನ್ನು ನುಂಗಿದ ಕಟ್ಟೆಯನ್ನೇ ಶಪಿಸುತ್ತಿದ್ದವರು, ಪರರ ಕಟ್ಟೆ ಒಡೆಯಲೆಂಬ ಮಾತನ್ನು ತಾಳದೆ ಹೋದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ೫೬ನೆಯ ಅನುಚ್ಛೇದದ ಊಕಾರವನ್ನು ನಾನು ಮೂವತ್ತೆರಡು ವರ್ಷ ತಡವಾಗಿ ಓದಿದೆ.

ಅಲ್ಲಿಂದ ಮುಂದೆ ಗದಾಯುದ್ಧವನ್ನು ಹಿಂದಿನಂತೆ ಹೇಳುವುದು ನನಗೆ ಸಾಧ್ಯವಾಗಲಿಲ್ಲ. ಭೀಷ್ಮಪರ್ವದ ಆರಂಭಕ್ಕೆ ಮತ್ತೆ ಹೋದೆ. ಯುದ್ಧಕ್ಕೆ ಮೊದಲು ಎರಡು ಪಕ್ಷದವರೂ ಕೂಡಿ ಸಮಯಗಳನ್ನು, ಎಂದರೆ ಕರಾರುಗಳನ್ನು ಮಾಡಿಕೊಳ್ಳುತ್ತಾರೆ: ರಥಿಕನು ರಥಿಕನೊಡನೆ, ಪದಾತಿಯು ಪದಾತಿಯೊಡನೆ, ಶರಣಾದವನನ್ನು, ಬೆನ್ನು ತಿರುಗಿಸಿದವನನ್ನು, ಆಯುಧ ಮುರಿದವನನ್ನು ಕೊಲ್ಲಕೂಡದು, ಸಾರಥಿಗಳನ್ನೂ ಭೇರಿ ಶಂಖ ಬಾರಿಸುವವರನ್ನೂ ಹೊಡೆಯಕೂಡದು. ಹದಿನೆಂಟು ದಿನಗಳಲ್ಲಿ ಈ ಕರಾರುಗಳೆಲ್ಲ ಒಂದೊಂದಾಗಿ ಮುರಿದವು, ಪ್ರತಿಯೊಂದೂ ಹಿಂದಿನ ಮುರಿತಕ್ಕೆ ಉತ್ತರವಾಗಿ. ಭೀಷ್ಮ, ಅಭಿಮನ್ಯು, ದ್ರೋಣ, ರಥಚಕ್ರವನ್ನು ಎತ್ತುತ್ತಿದ್ದ ಕರ್ಣ, ಕೊನೆಗೆ ದುರ್ಯೋಧನನ ತೊಡೆ. ಆ ತೊಡೆಗೆ ಉತ್ತರವಾಗಿ ಅಶ್ವತ್ಥಾಮನು ನಡುರಾತ್ರಿ ಪಾಂಡವರ ಪಾಳೆಯಕ್ಕೆ ನುಗ್ಗಿ ನಿದ್ದೆಯಲ್ಲಿದ್ದ ಉಪಪಾಂಡವರನ್ನು ಕೊಂದನು. ತೊಡೆ ಮುರಿದಾಗ ಮೇಜು ಕುಟ್ಟಿದ ಹುಡುಗರಿಗೆ ಆ ರಾತ್ರಿಯ ಕಥೆಯನ್ನು ನಾನು ಒಂದು ವರ್ಷವೂ ಹೇಳಿರಲಿಲ್ಲ. ಗಂಟೆ ಹೊಡೆಯುತ್ತಿತ್ತು ಎಂಬುದು ನೆಪ. ಬಲರಾಮನು ದುರ್ಯೋಧನನನ್ನು ಒಳ್ಳೆಯವನೆಂದು ಎಲ್ಲಿಯೂ ವಾದಿಸಿಲ್ಲ. ದುರ್ಯೋಧನನಾದರೂ ನಾಭಿಯ ಕೆಳಗೆ ಹೊಡೆಯಬಾರದಾಗಿತ್ತು ಎಂಬುದಷ್ಟೇ ಅವನ ವಾದ. ಯುದ್ಧ ಯಾರ ಕಡೆಗೆ ನ್ಯಾಯ ಎಂಬ ಪ್ರಶ್ನೆ ಒಂದು, ಯುದ್ಧವನ್ನು ಹೇಗೆ ಮಾಡಬೇಕು ಎಂಬ ಪ್ರಶ್ನೆ ಇನ್ನೊಂದು. ಇವೆರಡನ್ನೂ ಬೆರೆಸಕೂಡದೆಂದು ಇಂದಿನ ಕಾನೂನು ಪಂಡಿತರು ಹೇಳುತ್ತಾರೆ. ಅದನ್ನೇ ಆ ಹುಡುಗಿ ಬೆಂಚಿನ ಮೇಲಿಂದ ಕೇಳಿದ್ದಳು.

ನಮ್ಮ ನಾಡಿನ ಚರಿತ್ರೆ ಈ ವಿಷಯದಲ್ಲಿ ನಿರ್ಮಲವೆಂದು ಬೀಗುವಂತಿಲ್ಲ. ಕಂಠೀರವ ನರಸರಾಜ ಒಡೆಯರ ಆಳ್ವಿಕೆಯ ಕೊನೆಗಾಲದಲ್ಲಿ, ೧೬೫೦ರ ದಶಕದಲ್ಲಿ, ಮೈಸೂರಿನ ದಂಡು ಮಧುರೆಯ ಸೀಮೆಗೆ ನುಗ್ಗಿ ಸಿಕ್ಕಿದವರ ಮೂಗುಗಳನ್ನು ಕೊಯ್ದಿತೆಂದು ಅಂದಿನ ಜೆಸುಯಿಟ್ ಪಾದ್ರಿಗಳ ಪತ್ರಗಳು ಹೇಳುತ್ತವೆ. ಮಧುರೆಯವರು ತಿರುಗಿ ಬಿದ್ದು ಮೈಸೂರಿನ ಸೀಮೆಗೆ ಬಂದು ಅದನ್ನೇ ಮಾಡಿದರು. ಹತ್ತನೆಯ ತರಗತಿಯಲ್ಲಿ ಪಾಠವಾಗಿದ್ದ ಹಲಗಲಿ ಬೇಡರ ಲಾವಣಿಯನ್ನು ಎಲ್ಲರೂ ಬಲ್ಲರು; ೧೮೫೭ರಲ್ಲಿ ಆಯುಧ ಒಪ್ಪಿಸಲೊಲ್ಲದ ಬೇಡರಿಗಾಗಿ ಕಂಪನಿಯ ಸೈನ್ಯ ಇಡೀ ಊರನ್ನೇ ಸುಟ್ಟಿತು. ಕೆಲವರ ಕೃತ್ಯಕ್ಕೆ ಊರಿಗೆಲ್ಲ ಶಿಕ್ಷೆ ಕೊಡುವುದನ್ನು ೧೯೪೯ರ ನಾಲ್ಕನೆಯ ಒಡಂಬಡಿಕೆ ಸ್ಪಷ್ಟವಾಗಿ ನಿಷೇಧಿಸಿದೆ.

ಹಾಗಾದರೆ ಈ ನಿಯಮಗಳನ್ನು ಪಾಲಿಸಿದವರಿಲ್ಲವೆ? ಇದ್ದಾರೆ, ದೂರವೂ ಹೋಗಬೇಕಾಗಿಲ್ಲ. ಹುಣಸೂರು ಪಿರಿಯಾಪಟ್ಟಣಗಳ ದಾರಿಯಲ್ಲಿ ಹೋದರೆ ಮಡಿಕೇರಿ. ಭಾರತೀಯ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾಗಿ ನಿವೃತ್ತರಾದ ಕಾರ್ಯಪ್ಪನವರು ಅಲ್ಲಿ ವಾಸವಾಗಿದ್ದರು. ೧೯೬೫ರ ಸೆಪ್ಟೆಂಬರ್ ೨೨ರಂದು ಅವರ ಮಗ ನಂದಾ ಕಾರ್ಯಪ್ಪನವರ ಯುದ್ಧವಿಮಾನ ಉರುಳಿ ಅವರು ಪಾಕಿಸ್ತಾನದಲ್ಲಿ ಸೆರೆಸಿಕ್ಕರು. ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನರು ದೇಶವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಟ್ಟುಕೊಡುವ ಪ್ರಸ್ತಾಪ ಬಂದಿತೆಂದೂ, ಸೆರೆಯಲ್ಲಿರುವ ಭಾರತೀಯ ಸೈನಿಕರೆಲ್ಲರೂ ತಮ್ಮ ಮಕ್ಕಳೇ, ಎಲ್ಲರನ್ನೂ ಸಮನಾಗಿ ನೋಡಿಕೊಳ್ಳಿ, ಇವನೊಬ್ಬನಿಗೆ ವಿಶೇಷ ಬೇಡವೆಂದು ಅವರು ಉತ್ತರಿಸಿದರೆಂದೂ ಪ್ರಸಿದ್ಧವಾಗಿದೆ. ಮಗ ಎಲ್ಲರಂತೆ ಸೆರೆಯಲ್ಲಿದ್ದು ಮರುವರ್ಷ ಹಿಂದಿರುಗಿದರು. ಸೆರೆಯಾಳುಗಳಲ್ಲಿ ಭೇದವೆಣಿಸಬಾರದೆಂಬ ಮೂರನೆಯ ಒಡಂಬಡಿಕೆಯ ನಿಯಮವನ್ನು ನಾನು ಮಕ್ಕಳಿಗೆ ಈ ಪ್ರಸಂಗದಿಂದಲೇ ಹೇಳುತ್ತೇನೆ. ಶತ್ರುವಿಗೆ ಅನ್ಯಾಯ ಮಾಡದಿರುವುದಕ್ಕಿಂತ ಸ್ವಂತ ಮಗನಿಗೆ ಉಪಕಾರ ಬೇಡವೆನ್ನುವುದು ಕಷ್ಟವೆಂದು ನನ್ನ ಅಭಿಪ್ರಾಯ.

೨೦೨೫ರ ಮೇ ತಿಂಗಳಲ್ಲಿ ಗಡಿಯಲ್ಲಿ ಕಾಳಗವೆದ್ದು ದೇಶದ ನಾನಾ ಕಡೆ ಅಣಕು ಕವಾಯತು ನಡೆದಾಗ ಈ ವಿಷಯ ನಮ್ಮ ಮನೆಯ ಪಡಸಾಲೆಗೇ ಬಂದಿತು. ದೂರದರ್ಶನದ ಮುಂದೆ ಕುಳಿತಿದ್ದ ತಾಯಿಯವರು, “ನಮ್ ಕಟ್ಟೆ ಮೇಲೂ ಹಾಕ್ತಾರೇನಪ್ಪ? ಹಾಕ್ಬಾರ್ದು ಅಂತ ಅದೇನೋ ಕಾನೂನು ಓದಿದ್ಯಲ್ಲ?” ಎಂದರು.

ಇದೆಯೆಂದು ಹೇಳಿ ಅವರನ್ನು ಮಲಗಿಸಬಹುದಾಗಿತ್ತು. ಆದರೆ ಪೂರ್ತಿ ನಿಜ ಬೇರೆ. ೧೯೭೭ರ ಆ ಪೂರಕ ಒಡಂಬಡಿಕೆಗೆ ಭಾರತ ಸೇರಿಲ್ಲ. ಪಾಕಿಸ್ತಾನ ಸಹಿ ಮಾಡಿದೆ, ಸ್ಥಿರೀಕರಿಸಿಲ್ಲ. ಎರಡು ದೇಶಗಳೂ ೧೯೮೮ರ ಡಿಸೆಂಬರ್ ೩೧ರಂದು, ಒಬ್ಬರ ಅಣುಸ್ಥಾವರಗಳ ಮೇಲೆ ಒಬ್ಬರು ದಾಳಿ ಮಾಡಬಾರದೆಂದು ಒಪ್ಪಂದ ಮಾಡಿಕೊಂಡಿವೆ. ೧೯೯೨ರಿಂದ ಪ್ರತಿವರ್ಷ ಜನವರಿ ೧ರಂದು ಸ್ಥಾವರಗಳ ಪಟ್ಟಿಯನ್ನು ಪರಸ್ಪರ ಕೊಟ್ಟುಕೊಳ್ಳುತ್ತ ಬಂದಿವೆ. ನಡುವೆ ಕಾರ್ಗಿಲ್ ಕಾಳಗವಾಯಿತು, ಎಷ್ಟೋ ಕಹಿಯಾಯಿತು, ಪಟ್ಟಿ ಮಾತ್ರ ನಿಲ್ಲಲಿಲ್ಲ. ಆ ಪಟ್ಟಿಯಲ್ಲಿ ಕಟ್ಟೆಗಳಿಗೆ ಎಡೆಯಿಲ್ಲ. ಪ್ರಜೆಗಳನ್ನು ಗುರಿಮಾಡಬಾರದು, ಕಟ್ಟೆಯಂಥವುಗಳ ವಿಷಯದಲ್ಲಿ ವಿಶೇಷವಾದ ಎಚ್ಚರ ವಹಿಸಬೇಕು ಎಂಬ ನಿಯಮಗಳು, ಸಹಿ ಮಾಡಿದವರಿಗೂ ಮಾಡದವರಿಗೂ ಸಲ್ಲುವ ರೂಢಿಯ ಕಾನೂನೆಂದು ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ತನ್ನ ಸಂಗ್ರಹದಲ್ಲಿ ಬರೆದಿದೆ. ಕಖೋವ್ಕಾದ ವಿಷಯದಲ್ಲಿಯಾದರೋ ಎರಡು ದೇಶಗಳೂ ಪೂರಕ ಒಡಂಬಡಿಕೆಗೆ ಸೇರಿದ್ದವೇ. ಆದರೂ ಕಟ್ಟೆ ಒಡೆಯಿತು. ಈ ‘ಆದರೂ’ ಕೂಡ ವ್ಯಾಕರಣದಲ್ಲಿ ಅದೇ ಊಕಾರ.

ಇಷ್ಟನ್ನೆಲ್ಲ ತಾಯಿಯವರಿಗೆ ಹೇಗೆ ಹೇಳುವುದು? “ಹಾಕಬಾರದು ಎಂಬುದು ಇದೆ. ಹಾಕುವುದಿಲ್ಲ ಎಂದು ನಾನು ಹೇಳಲಾರೆ ಅವ್ವ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮಪ್ಪಾಜಿ ಇದ್ದಿದ್ರೆ ಬೈತಿದ್ರು” ಎಂದರು. ಯಾರನ್ನು ಎಂದು ಕೇಳಲಿಲ್ಲ.

ಆ ಹುಡುಗಿ ಹತ್ತನೆಯ ತರಗತಿಯನ್ನು ಮುಗಿಸಿ ಮೈಸೂರಿಗೆ ಓದಲು ಹೋದಳು. ಹೋಗುವ ಮೊದಲು ಜೂನಿಯರ್ ರೆಡ್ ಕ್ರಾಸ್ ಘಟಕದ ಪರವಾಗಿ ರಟ್ಟಿನ ಮೇಲೆ ನಮ್ಮ ಕಟ್ಟೆಯ ಚಿತ್ರವನ್ನು ಬರೆದು, ಅದರ ಗೋಡೆಯ ಮೇಲೆ ಒಂದೇ ಸಾಲಿನಲ್ಲಿ ಮೂರು ಕಿತ್ತಳೆ ವೃತ್ತಗಳನ್ನು ತುಂಬಿ ಕೊಟ್ಟಳು. ನಮ್ಮ ದೇಶ ಸೇರದ ಒಡಂಬಡಿಕೆಯ ಗುರುತಾದುದರಿಂದ ಇದಕ್ಕೆ ಬೆಲೆಯಿಲ್ಲವೆಂದು ನಾನು ಹೇಳಿದ್ದೆ. “ಇರ್ಲಿ ಸಾರ್, ಬರೆದಿರ್ತೀನಿ” ಎಂದಿದ್ದಳು. ಅದನ್ನು ಉಪಾಧ್ಯಾಯರ ಕೊಠಡಿಯ ಹೊರಗೋಡೆಗೆ, ವೇಳಾಪಟ್ಟಿಯ ಪಕ್ಕದಲ್ಲಿ ತೂಗುಹಾಕಿದ್ದೇವೆ. ಕಿಟಕಿಯ ಬಿಸಿಲಿಗೆ ಬಣ್ಣ ಸ್ವಲ್ಪ ಮಾಸಿದೆ. ಎಂಟನೆಯ ತರಗತಿಗೆ ಹೊಸದಾಗಿ ಸೇರಿದ ಮಕ್ಕಳು ಪ್ರತಿವರ್ಷ ಅದರ ಮುಂದೆ ನಿಂತು, ಅದು ಟ್ರಾಫಿಕ್ ದೀಪವೇ ಎಂದು ಕೇಳುತ್ತಾರೆ. ದೀಪವಾದರೆ ಮೂರೂ ಒಂದೇ ಬಣ್ಣವೇಕೆ ಎಂದು ಅವರಲ್ಲಿಯೇ ಒಬ್ಬರು ಕೇಳುತ್ತಾರೆ. ಆಗ ನಾನು ಕನ್ನಡಕವನ್ನು ಒರೆಸಿಕೊಂಡು ಹೊರಗೆ ಬಂದು, “ಕೂತುಕೊಳ್ಳಿ, ಹೇಳುತ್ತೇನೆ” ಎಂದು ಮೆಟ್ಟಿಲ ಮೇಲೆ ಅವರ ಜೊತೆಯಲ್ಲಿಯೇ ಕುಳಿತುಕೊಳ್ಳುತ್ತೇನೆ.